ಕೋವಿಗೆ ಆಸರೆ: ಕವೆಗೋಲಿನಿಂದ ಟ್ರೈಪಾಡ್‌ವರೆಗೆ

ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ ಈಗ ಕಣ್ಣಿಗೆ ಬೀಳುವುದು ಐಟಿ ಕಂಪನಿಗಳ ಗಾಜಿನ ಕಟ್ಟಡಗಳು. ಅಲ್ಲಿಂದ ಸತ್ಯಮಂಗಲದ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಅನ್ನೂರು, ಪುಳಿಯಂಪಟ್ಟಿ, ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಬೇಕು. ಹಾಸನೂರಿನ ಹೊತ್ತಿಗೆ ಕನ್ನಡ ಕಿವಿಗೆ ಬೀಳತೊಡಗುತ್ತದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ ರೈಫಲ್ಲಿಗೆ ಟಾರ್ಚ್ ಕಟ್ಟಿಕೊಂಡು ಅಟ್ಟಣೆಗಳ ಮೇಲೆ ರಾತ್ರಿ ಕಳೆದ ಸೀಮೆ ಇಂಥದ್ದು. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಅವರ ‘ಕಾಡಿನ ಕಥೆಗಳು’ ಓದಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ನರಭಕ್ಷಕವಾದ ಹುಲಿ, ಚಿರತೆಗಳಲ್ಲಿ ಎಷ್ಟೋ ಯಾರದೋ ಗುರಿತಪ್ಪಿದ ಈಡಿನಿಂದ ಕುಂಟಾದವು. ಒಬ್ಬನ ಕೈನಡುಕದ ಬೆಲೆಯನ್ನು ಮುಂದೆ ಇನ್ನೊಂದು ಊರಿನ ದನಗಾಹಿ ತೆತ್ತಿದ್ದಾನೆ. ಕೋವಿಗೆ ಮನುಷ್ಯ ಹುಡುಕಿದ ಆಸರೆಗಳ ಚರಿತ್ರೆ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೆ.

ಆಸರೆ ಕೋವಿಯಷ್ಟೇ ಹಳೆಯದು. 16–17ನೇ ಶತಮಾನದ ಯುರೋಪಿನ ಸಿಪಾಯಿಗಳು ಭಾರದ ಮಸ್ಕೆಟನ್ನು ಕವೆಗೋಲಿನ ಮೇಲಿಟ್ಟು ಹೊಡೆಯುತ್ತಿದ್ದರು. ಟಿಬೆಟ್ಟಿನ ಬತ್ತಿಕೋವಿಗಳಲ್ಲಿ ಮಡಚುವ ಎರಡು ಕೊಂಬುಗಳು ಕೋವಿಗೇ ಜೋಡಿಸಿರುತ್ತಿದ್ದವು. ಬಯಲು ಸೀಮೆಯ ದೂರದ ಗುರಿಗೆ ಅದು ಸರಿ. ನಮ್ಮ ಮಲೆನಾಡಿನ ಸೋವಿನ ಬೇಟೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ನಾಯಿ, ಜನ ಸೇರಿ ಎಬ್ಬಿಸಿದ ಹಂದಿ ಹತ್ತಿಪ್ಪತ್ತು ಮಾರಿನಲ್ಲಿ ಪೊದೆ ಸೀಳಿಕೊಂಡು ನುಗ್ಗುವಾಗ ಕೋಲು ಊರುವಷ್ಟು ಪುರುಸೊತ್ತು ಯಾರಿಗಿದೆ? ಪುತ್ತೂರು ಕಡೆಯ ಕೆದಂಬಾಡಿ ಜತ್ತಪ್ಪ ರೈಗಳ ‘ಬೇಟೆಯ ನೆನಪುಗಳು’ ಆ ಲೋಕವನ್ನು ಕನ್ನಡದಲ್ಲಿ ಉಳಿಸಿಕೊಟ್ಟ ಪುಸ್ತಕ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಇಂದಿಗೂ ನಿಂತೇ ಈಡು ಹೊಡೆಯುತ್ತಾರೆ. ಅಲ್ಲಿ ಎರಡು ಕೈ, ಒಂದು ಹೆಗಲು, ಅಷ್ಟೇ ಆಸರೆ.

ನೀಲಗಿರಿ, ಆನೈಮಲೈಗಳ ಹುಲ್ಲುಗಾವಲಿನ ಮಾತು ಬೇರೆ. ಬಂಡೆಯ ನೆತ್ತಿಯಲ್ಲಿ ನಿಂತ ವರೆಯಾಡು ಎಂಬ ಕಾಡುಮೇಕೆಯನ್ನು ದೂರದಿಂದಲೇ ಹೊಡೆಯಬೇಕಿತ್ತು; ಬ್ರಿಟಿಷ್ ಶಿಕಾರಿಗಳು ಕಲ್ಲಿನ ಮೇಲೆ ಟೊಪ್ಪಿಗೆಯನ್ನೋ ಕಂಬಳಿಯನ್ನೋ ಹಾಸಿ ಕೋವಿ ಊರುತ್ತಿದ್ದರು. ಆ ಮೆತ್ತೆಗೆ ಕಾರಣವಿದೆ. ಗಟ್ಟಿ ಕಲ್ಲಿಗೆ ನೇರ ತಾಗಿದ ಕೋವಿ ಈಡಿನ ಕ್ಷಣದಲ್ಲಿ ಪುಟಿಯುತ್ತದೆ, ಗುಂಡು ಮೇಲೆ ಹಾರುತ್ತದೆ. ನಳಿಗೆಯನ್ನೇ ಕಲ್ಲಿಗೆ ಒರಗಿಸಿದರಂತೂ ಅದರ ಕಂಪನವೇ ಬದಲಾಗಿ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಆದ್ದರಿಂದ ಆಸರೆ ಯಾವಾಗಲೂ ನಳಿಗೆಯ ಕೆಳಗಿನ ಮರಕ್ಕೆ ಇರಬೇಕು. ಹುಲಿಬೇಟೆಯ ಅಟ್ಟಣೆಗೂ ಕಾರ್ಬನ್ ಟ್ರೈಪಾಡಿಗೂ ಈ ಪಾಠ ಒಂದೇ.

ಆಫ್ರಿಕಾದ ಬೇಟೆಯಲ್ಲಿ ಬಳಕೆಗೆ ಬಂದದ್ದು ತುದಿಯಲ್ಲಿ ಕಟ್ಟಿದ ಮೂರು ಕೋಲು. ಆಳೆತ್ತರದ ಹುಲ್ಲಿನ ಮೇಲಿಂದ ನಿಂತು ಹೊಡೆಯಲು ಅದು ಅನುಕೂಲ. ಈಗಿನ ಟ್ರೈಪಾಡ್ ಮಾತ್ರ ಬಂದದ್ದು ಕ್ಯಾಮೆರಾದವರ ಮನೆಯಿಂದ. 1994ರಲ್ಲಿ ಫ್ರಾನ್ಸಿನ ಗಿಟ್ಜೊ ಕಂಪನಿ ಕಾರ್ಬನ್ ಫೈಬರ್ ಕಾಲುಗಳನ್ನು ತಂದಿತು. ಹಗುರ, ಆದರೂ ಬಾಗದು. ಕ್ಯಾಮೆರಾವನ್ನು ಚಕ್ಕನೆ ಕಚ್ಚಿ ಹಿಡಿಯುವ ಆರ್ಕಾ-ಸ್ವಿಸ್ ಮಾದರಿಯ ಹಿಡಿಕೆಯನ್ನು ಆಮೇಲೆ ರೈಫಲ್‌ನವರು ತಮ್ಮದಾಗಿಸಿಕೊಂಡರು. ಅಮೆರಿಕದಲ್ಲಿ 2012ರಿಂದ ನಡೆಯುತ್ತಿರುವ ಪ್ರಿಸಿಷನ್ ರೈಫಲ್ ಸೀರೀಸ್‌ನಂಥ ಸ್ಪರ್ಧೆಗಳು ಈ ವಿದ್ಯೆಯನ್ನು ಸಾಣೆ ಹಿಡಿದವು, ಬೇಟೆಗಾರರು ಅಲ್ಲಿಂದ ಕಲಿತರು.

ಇಷ್ಟಾದರೂ ಟ್ರೈಪಾಡ್ ಕೊಂಡವರೆಲ್ಲ ಗುರಿಕಾರರಾಗಲಿಲ್ಲ. ಲೆಕ್ಕ ಸರಳ. ಕೋವಿಯ ಮುಂದಿನ ಆಸರೆಗೂ ಹೆಗಲಿಗೂ ಒಂದು ಮೀಟರ್ ಅಂತರವಿದೆ ಎಂದುಕೊಳ್ಳಿ. ಮುಂದಿನ ತುದಿ ಒಂದು ಮಿಲಿಮೀಟರ್ ಸರಿದರೆ 100 ಮೀಟರಿನಲ್ಲಿ ಗುಂಡು 10 ಸೆಂಟಿಮೀಟರ್ ತಪ್ಪುತ್ತದೆ. ಮುಂದಿನದನ್ನು ಬಿಗಿಯಾಗಿ ಕಚ್ಚಿಸಿ, ಹಿಂದೆ ಹೆಗಲಿನಲ್ಲಿ ಬುಡ ಅದೇ ಒಂದು ಮಿಲಿಮೀಟರ್ ಸರಿದರೂ ತಪ್ಪುವುದು ಅಷ್ಟೇ. ಕಡವೆಯ ಎದೆಗೂಡಿನ ಮರ್ಮಸ್ಥಾನ ಒಂದು ಊಟದ ತಟ್ಟೆಗಿಂತ ದೊಡ್ಡದಲ್ಲ. ಮೂರು ಕಾಲಿನ ಮೇಲೆ ಹಣ ಸುರಿಯುವವರು ಹಿಂದಿನ ತುದಿಯನ್ನು ಮರೆಯುತ್ತಾರೆ. ಬಲ್ಲವರು ಅಲ್ಲಿಂದಲೇ ಶುರುಮಾಡುತ್ತಾರೆ. ಮೊಣಕೈಗೆ ಒಂದು ಚೀಲ, ಒರಗಲು ಒಂದು ಮರ, ಇಲ್ಲವೇ ಎರಡನೆಯ ಟ್ರೈಪಾಡ್. ಕಾಲುಗಳನ್ನು ಅಗಲಿಸಿ ತಗ್ಗಿಸುತ್ತಾರೆ, ನಡುಗಂಬ ಏರಿಸುವುದಿಲ್ಲ, ಮೈಭಾರವನ್ನು ಸ್ವಲ್ಪ ಮುಂದಕ್ಕೆ ಕೊಟ್ಟು ನಿಲ್ಲುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು ತೆರೆಯುತ್ತಾರೆ. ಸ್ಕೋಪಿನ ಗೆರೆ ಗುರಿಯಿಂದ ಸರಿದಿದ್ದರೆ ಕೈಯಿಂದ ಎಳೆದು ತಾರದೆ ಪಾದಗಳನ್ನು ಸರಿಸುತ್ತಾರೆ, ಬೇಕಾದರೆ ಟ್ರೈಪಾಡನ್ನೂ. ಕೈಯಿಂದ ತಂದದ್ದು ಟ್ರಿಗರ್ ಎಳೆಯುವಾಗ ಮತ್ತೆ ಜಾರುತ್ತದೆ.

ನಮ್ಮಲ್ಲಿ ಈ ಬೆಳವಣಿಗೆ ಬೇಟೆಯ ದಾರಿ ಹಿಡಿಯಲಿಲ್ಲ, ಹಿಡಿಯಲೂ ಬಾರದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ 1991ರ ತಿದ್ದುಪಡಿಗಳು ಶಿಕಾರಿಯ ಬಾಗಿಲು ಮುಚ್ಚಿದವು. ಅದು ಮುಚ್ಚಿದ್ದರಿಂದಲೇ ಬಂಡೀಪುರ, ಮುದುಮಲೆ, ಸತ್ಯಮಂಗಲದಲ್ಲಿ ಇಂದು ಹುಲಿ ಉಳಿದಿದೆ. ಟ್ರೈಪಾಡ್ ನಮ್ಮ ಕಾಡಿಗೆ ಬಂದದ್ದು ಕ್ಯಾಮೆರಾ ಹೊತ್ತು. ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರದು ನಿಧಾನ ಫಿಲ್ಮಿನ ಕಾಲ. ಉದ್ದ ಲೆನ್ಸ್ ಅಲುಗಿದರೆ ಚಿತ್ರವಿಲ್ಲ. ಉಸಿರು ಹಿಡಿದು ಬೆರಳು ಒತ್ತುವ ಶಿಸ್ತು ಬೇಟೆಗಾರನದೇ. ಹರೆಯದಲ್ಲಿ ಕೋವಿ ಹಿಡಿದು ಅಲೆದ ತೇಜಸ್ವಿ ಕೊನೆಗೆ ನೆಚ್ಚಿದ್ದೂ ಹಕ್ಕಿಗಳತ್ತ ತಿರುಗಿಸಿದ ಕ್ಯಾಮೆರಾವನ್ನೇ.

ಕಾಡುಪ್ರಾಣಿಯ ಮೇಲೆ ಗುರಿಯಿಟ್ಟು ಹೊಡೆಯುವ ಕೆಲಸ ಈಗ ಹೆಚ್ಚಾಗಿ ಉಳಿದಿರುವುದು ಅರಿವಳಿಕೆಯ ಕೋವಿಯಲ್ಲಿ. 2019ರ ಜನವರಿಯಲ್ಲಿ ಕೊಯಮತ್ತೂರಿನ ತಡಾಗಂ ಕಡೆ ಚಿನ್ನತಂಬಿ ಎಂಬ ಆನೆಯನ್ನು ಅರಿವಳಿಕೆ ಹೊಡೆದು ಹಿಡಿದು ಟಾಪ್‌ಸ್ಲಿಪ್ ಕಾಡಿಗೆ ಬಿಟ್ಟರು. ಅದು ಅಲ್ಲಿಂದ ನಡೆದು ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆಯ ಹೊಲಗಳಿಗೆ ಬಂದಾಗ ಫೆಬ್ರವರಿಯಲ್ಲಿ ಮತ್ತೆ ಹಿಡಿಯಬೇಕಾಯಿತು. ಅನಿಲದ ಒತ್ತಡದಲ್ಲಿ ಹೊರಡುವ ಸಿರಿಂಜು ರೈಫಲ್ ಗುಂಡಿನಂತೆ ಓಡುವುದಿಲ್ಲ. ಹತ್ತಾರು ಮೀಟರಿನಲ್ಲೇ ಬಾಗಿ ಇಳಿಯುತ್ತದೆ. ದಪ್ಪ ಸ್ನಾಯುವಿಗೇ ತಾಗಬೇಕು, ಎಲುಬಿಗೆ ತಾಗಿದರೆ ಮದ್ದು ವ್ಯರ್ಥ. ಅಷ್ಟು ಹತ್ತಿರ ಹೋಗುವವನಿಗೆ ಟ್ರೈಪಾಡ್ ಊರುವ ಅವಕಾಶ ಸಿಗುವುದು ಅಪರೂಪ. 2023ರ ಆಗಸ್ಟ್ 31ರಂದು ಹಾಸನದ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ‘ಭೀಮ’ ಎಂಬ ಕಾಡಾನೆಯ ಚಿಕಿತ್ಸೆಗೆಂದು ಅರಿವಳಿಕೆ ಹೊಡೆಯಲು ಹೋದ, ‘ಆನೆ ವೆಂಕಟೇಶ್’ ಎಂದೇ ಹೆಸರಾಗಿದ್ದ ಗುರಿಕಾರ ಅದೇ ಆನೆಯ ದಾಳಿಗೆ ಸಿಕ್ಕಿ ತೀರಿಕೊಂಡರು. ಕಾಡಿನಲ್ಲಿ ಪಳಗಿದ ಅಂಥ ಕೈಗಳಿಗೆ ಬೇಕಾದ ಸುರಕ್ಷಿತ ಆಸರೆಯ ಬಗ್ಗೆ ನಾವು ಇನ್ನೂ ಸಾಕಷ್ಟು ಯೋಚಿಸಿಲ್ಲ.

ಆಸರೆಯನ್ನು ಅತಿ ಸೂಕ್ಷ್ಮವಾಗಿ ಅಳೆದಿರುವುದು ಪ್ಯಾರಾ ಶೂಟಿಂಗ್. ತೋಳಿನ ದೌರ್ಬಲ್ಯದಿಂದ ರೈಫಲ್ಲಿನ ಭಾರ ಹೊರಲಾಗದ ಎಸ್‌ಎಚ್2 ವರ್ಗದವರಿಗೆ ಅಲ್ಲಿ ಸ್ಟ್ಯಾಂಡಿಗೆ ಅನುಮತಿಯಿದೆ, ಆದರೆ ಅದರ ತುದಿಯಲ್ಲಿ ಸ್ಪ್ರಿಂಗ್ ಇರಲೇಬೇಕು. ಭಾರವನ್ನು ಅದು ಹೊರುತ್ತದೆ. ಅಲುಗಾಟವನ್ನು ಶೂಟರ್ ತಾನೇ ಅಡಗಿಸಬೇಕು. ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು ಇಂಥ ಸ್ಪ್ರಿಂಗಿನ ಮೇಲೆ ರೈಫಲ್ ಇಟ್ಟು, ಹತ್ತು ಮೀಟರ್ ದೂರದಲ್ಲಿ ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಗೆ ಗುರಿ ಹಿಡಿದು.