ಹಿಂದೆ ನಿಂತು ಕಲಿಯುವ ವಿದ್ಯೆ

ಪುಣೆಯ ವಿಮಾನ ನಗರದಲ್ಲಿ ಡಾಕ್ಟರರಿಗೆ ಬರವಿಲ್ಲ. ಲೋಹಗಾಂವ್ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡ ಈ ಬಡಾವಣೆಯಲ್ಲಿ ಗಲ್ಲಿಗೊಂದು ಕ್ಲಿನಿಕ್ಕು, ನಾಲ್ಕು ಹೆಜ್ಜೆಗೊಂದು ಔಷಧದ ಅಂಗಡಿ. ಆದರೆ ಅಮೆರಿಕದಲ್ಲಿ ಹುಟ್ಟಿ ಬೆಳೆದ ನನ್ನ ಅಕ್ಕನ ಮಗಳು ರಜೆಗೆ ಬಂದು, "ಮಾಮಾ, ನನಗೊಬ್ರು ಪಿ.ಎ. ಹುಡುಕಿ ಕೊಡು, ಅವರ ಹಿಂದ ನಿಂತು ಕೆಲಸಾ ನೋಡಬೇಕು" ಅಂದಾಗ ನನಗೆ ಒಬ್ಬರೂ ಸಿಗಲಿಲ್ಲ. ಒಂದು ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿದರೆ, ಸಾಹೇಬರ ಪಿ.ಎ. ಊಟಕ್ಕೆ ಹೋಗಿದ್ದಾರೆ, ಅಪಾಯಿಂಟ್‌ಮೆಂಟ್ ಬೇಕಿದ್ದರೆ ಮೂರಕ್ಕೆ ಬನ್ನಿ ಅಂದರು!

ಅವಳು ಹೇಳಿದ ಪಿ.ಎ. ಅಂದರೆ ಫಿಜಿಷಿಯನ್ ಅಸಿಸ್ಟೆಂಟ್. ಡಾಕ್ಟರರ ಜೊತೆಗಿದ್ದು ರೋಗಿಯನ್ನು ತಪಾಸಿಸಿ, ಔಷಧ ಬರೆದು, ಆಪರೇಷನ್ನಿನಲ್ಲಿ ಕೈಜೋಡಿಸುವವರು. ಅಮೆರಿಕದಲ್ಲಿ ಇದು ಪದವಿಯ ನಂತರ ಸುಮಾರು 27 ತಿಂಗಳ ಓದು. ಅರ್ಜಿ ಹಾಕುವಾಗಲೇ ಎರಡು ಲೆಕ್ಕ ಒಪ್ಪಿಸಬೇಕು. ರೋಗಿಗಳ ಆರೈಕೆಯಲ್ಲಿ ಕೈಯಾರೆ ದುಡಿದ ತಾಸು ಒಂದು; ಇದು ಕೆಲವು ಕಡೆ ಸಾವಿರ ದಾಟಬೇಕು. ಸುಮ್ಮನೆ ನಿಂತು ನೋಡಿದ ತಾಸು ಇನ್ನೊಂದು. ಇದಕ್ಕೆ ಅವರು 'ಶ್ಯಾಡೋಯಿಂಗ್' ಅನ್ನುತ್ತಾರೆ. ನೆರಳಿನ ಹಾಗೆ ಹಿಂದೆ ಹಿಂದೆ ಇರುವುದು. ಕೆಲವು ಶಾಲೆಗಳು ಇದನ್ನು ಕೇಳುವುದೇ ಇಲ್ಲ, ಕೆಲವು ಹತ್ತಾರು ತಾಸು ಕೇಳುತ್ತವೆ, ಅದೂ ಪಿ.ಎ. ಹಿಂದೆಯೇ ನಿಂತದ್ದಾಗಬೇಕು ಅನ್ನುವವೂ ಇವೆ.

ಇದೇನೋ ಅಮೆರಿಕದವರ ಹೊಸ ಹುಚ್ಚು ಅಂದುಕೊಳ್ಳಬೇಡಿ. ಇದರ ಹಳೆಯ ಬೇರು ಇದೇ ಪುಣೆಯಲ್ಲಿದೆ. ರೈಲು ನಿಲ್ದಾಣದ ಹತ್ತಿರದ ಸಸೂನ್ ಆಸ್ಪತ್ರೆ ಶುರುವಾದದ್ದು 1867ರಲ್ಲಿ. ಅದಕ್ಕೆ ಹೊಂದಿಕೊಂಡು 1878ರಲ್ಲಿ ಬಿ.ಜೆ. ಮೆಡಿಕಲ್ ಸ್ಕೂಲ್ ಬಂತು. ಅದು ಕಾಲೇಜಾದದ್ದು 1946ರಲ್ಲಿ. ಅಲ್ಲಿಯವರೆಗೂ ಅದು 'ಸ್ಕೂಲ್'. ಅಂದಿನ ಇಂಥ ಸ್ಕೂಲುಗಳು ತಯಾರು ಮಾಡುತ್ತಿದ್ದದ್ದು ಹಾಸ್ಪಿಟಲ್ ಅಸಿಸ್ಟೆಂಟರನ್ನು, ಮುಂದೆ ಲೈಸೆನ್ಸಿಯೇಟ್ ಡಾಕ್ಟರರನ್ನು. ದೊಡ್ಡ ಸರ್ಜನ್ ಜಿಲ್ಲೆಯ ಊರಿನಲ್ಲಿರುತ್ತಿದ್ದ. ತಾಲೂಕಿನ ದವಾಖಾನೆ ನಡೆಸುತ್ತಿದ್ದವರು ಇವರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದವಲ್ಲ, ನಮ್ಮ ಕಡೆಯವರಿಗೆ ಡಾಕ್ಟರಿಕೆ ಅಂದರೆ ಪುಣೆ, ಮುಂಬಯಿಯ ಕಡೆಗೇ ಮುಖ. ಮಿರಜಿನಲ್ಲಿ 1894ರಲ್ಲಿ ಆಸ್ಪತ್ರೆ ಕಟ್ಟಿದ ಮಿಷನರಿ ಸರ್ಜನ್ ವಿಲಿಯಂ ವಾನ್ಲೆಸ್ ಕೂಡ ತನಗೆ ಬೇಕಾದ ಸಹಾಯಕರನ್ನು ಅಲ್ಲಿಯೇ ತಯಾರು ಮಾಡಿಕೊಂಡ. ಇನ್ನು ನಮ್ಮೂರ ಕಾಂಪೌಂಡರ್ ಯಾವ ಶಾಲೆಗೂ ಹೋದವನಲ್ಲ. ಡಾಕ್ಟರರ ಬೆನ್ನಿಗೆ ನಿಂತು ನಿಂತೇ ಕಲಿತವನು. ಕೆಂಪು ಔಷಧದ ಬಾಟಲಿಗೆ ಅವನು ಅಂಟಿಸುತ್ತಿದ್ದ ಹಲ್ಲುಹಲ್ಲಿನ ಕಾಗದದ ಪಟ್ಟಿ ನೋಡಿಯೇ ಅಕ್ಷರ ಬಾರದ ಮುದುಕಿಯೂ ಸರಿಯಾದ ಅಳತೆ ಕುಡಿಯುತ್ತಿದ್ದಳು.

ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ ಪದವೀಧರ ಡಾಕ್ಟರರು 17,654, ಲೈಸೆನ್ಸಿಯೇಟರು 29,870. ಹೆಚ್ಚಿನವರು ಯಾರೆಂದು ಹೇಳಬೇಕಾಗಿಲ್ಲ. ಆದರೂ ಸಮಿತಿ ಇನ್ನು ಮುಂದೆ ಒಂದೇ ದರ್ಜೆಯ ಡಾಕ್ಟರರು ಸಾಕು ಅಂದಿತು. ಅದರಲ್ಲೂ ನ್ಯಾಯವಿತ್ತು, ಹಳ್ಳಿಯವರಿಗೆ ಮಾತ್ರ ಅರ್ಧ ಓದಿದ ಡಾಕ್ಟರು ಯಾಕೆ? ಲೈಸೆನ್ಸಿಯೇಟ್ ಶಾಲೆಗಳು ಒಂದೊಂದಾಗಿ ಕಾಲೇಜಾದವು ಇಲ್ಲವೇ ಮುಚ್ಚಿದವು. ಆದರೆ ಪೂರ್ತಿ ಓದಿದವರು ಹಳ್ಳಿಗೆ ಹೋದರೇ? ಉತ್ತರ ನಿಮಗೇ ಗೊತ್ತು.

ನಾವು ಕೈಬಿಟ್ಟ ಮೇಲೆ ಅಮೆರಿಕ ಹಿಡಿದುಕೊಂಡಿತು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ನೌಕಾದಳದ ದವಾಖಾನೆಯಲ್ಲಿ ದುಡಿದಿದ್ದ ನಾಲ್ವರನ್ನು ತಂದು ಪಿ.ಎ. ತರಬೇತಿ ಶುರು ಮಾಡಿದರು. 1967ರಲ್ಲಿ ಮೂವರು ಪಾಸಾದರು. ಮೊದಲು ಅನುಭವ, ಆಮೇಲೆ ಓದು ಅನ್ನುವ ಪದ್ಧತಿ ಅಲ್ಲಿಂದಲೇ ಬಂತು. ಅದೇ ಪದವಿ 1992ರಲ್ಲಿ ಹೃದಯ ಶಸ್ತ್ರವೈದ್ಯ ಡಾ. ಕೆ.ಎಂ. ಚೆರಿಯನ್ ಅವರ ಮೂಲಕ ಮದ್ರಾಸ್ ಮೆಡಿಕಲ್ ಮಿಷನ್ನಿಗೆ ಬಂತು. 2021ರ ಅಲೈಡ್ ಹೆಲ್ತ್ ಕಾನೂನಿನ ಪಟ್ಟಿಯಲ್ಲಿ ಈಗ ಅದರ ಹೆಸರಿದೆ. ಆದರೆ ಹೊರಗಿನ ಮಂದಿಗೆ ಇನ್ನೂ ಪರಿಚಯವಿಲ್ಲ.

ನಮ್ಮ ಹುಡುಕಾಟದ ನಡುವೆ ಪರಿಚಯದ ಡಾಕ್ಟರೊಬ್ಬರು, "ನಿಲ್ಲೋದ್ಯಾಕ್ರಿ, ನೂರು ತಾಸು ಅಂತ ಬರದು ಸಹಿ ಹಾಕ್ತೀನಿ" ಅಂದರು. ಹುಡುಗಿ ಒಪ್ಪಲಿಲ್ಲ. ಕೊನೆಗೆ ಒಂದು ಸಣ್ಣ ನರ್ಸಿಂಗ್ ಹೋಮಿನವರು ಮೂರು ಷರತ್ತು ಹಾಕಿ ಒಪ್ಪಿಕೊಂಡರು: ಯಾರನ್ನೂ ಮುಟ್ಟಬಾರದು, ಮೊಬೈಲ್ ಚೀಲದಲ್ಲಿರಬೇಕು, ರೋಗಿ ಬೇಡ ಅಂದರೆ ಹೊರಗೆ ಹೋಗಬೇಕು.

ಎರಡನೆಯ ವಾರ ಕಟ್ಟಡದ ಕೆಲಸಕ್ಕೆ ಬಂದಿದ್ದ ಇಂಡಿ ಕಡೆಯ ಹೆಣ್ಣುಮಗಳೊಬ್ಬಳು ಬಂದಳಂತೆ. ಜೊತೆಗಿದ್ದ ಮುಕಾದಮ ಹಿಂದಿಯಲ್ಲಿ ತಲೆನೋವು ಅಂದ. ಹುಡುಗಿ ನಿಯಮದ ಪ್ರಕಾರ ಕನ್ನಡದಲ್ಲಿ, "ನಾ ಇಲ್ಲೇ ನಿಂತು ನೋಡ್ಲೇನ್ರಿ?" ಅಂತ ಕೇಳಿದಳು. ಆಕೆ ಮುಖ ಅರಳಿಸಿ, "ನಿಲ್ಲವಾ, ನಮ್ಮ ಮಾತು ತಿಳಿಯೋರು ಒಬ್ರಿದ್ರ ಚಲೋ. ಎದ್ದ ಕೂಡ್ಲೆ ತಲಿ ಗಿರ್ ಅಂತೈತಿ, ಕಣ್ಣಿಗೆ ಕತ್ತಲಿ ಬರ್ತೈತಿ" ಅಂದಳು. ಅದೇನೆಂದು ಡಾಕ್ಟರು ಕೇಳಿದರು. ಧಾರವಾಡದ ಅಜ್ಜಿಯ ಬಾಯಿಂದ ಕೇಳಿ ಗೊತ್ತಿದ್ದ ಮಾತು; ಹೇಳಿದಳು. ತಲೆನೋವಲ್ಲ, ತಲೆತಿರುಗು. ಡಾಕ್ಟರು ಆಕೆಯನ್ನು ಮಲಗಿಸಿ, ನಿಲ್ಲಿಸಿ ಎರಡು ಸಲ ಬಿ.ಪಿ. ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ರಾತ್ರಿ ಊಟಕ್ಕೆ ಕೂತಾಗ ಇಷ್ಟು ಹೇಳಿದಳು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅವಳ ಪುಸ್ತಕದಲ್ಲಿ ಆ ದಿನದ ಲೆಕ್ಕ ಮೂರು ತಾಸು. ಅದೂ 'ಡಾಕ್ಟರ ಹಿಂದೆ' ಅನ್ನುವ ಸಾಲಿನಲ್ಲಿ. ಪಿ.ಎ. ಹಿಂದಿನ ತಾಸುಗಳನ್ನು ಅವಳು ಅಲ್ಲಿಗೆ ಹೋಗಿಯೇ ಹುಡುಕಿಕೊಳ್ಳಬೇಕು. ಪರದೇಶದಲ್ಲಿರುವ ಮಕ್ಕಳಿಗಾಗಿ ಊರಿನ ಡಾಕ್ಟರರಿಂದ ಚೀಟಿ ಬರೆಸಿ ಕಳಿಸಿ ಅನ್ನುವ ಫೋನು ನಿಮ್ಮಲ್ಲಿಯೂ ಎಷ್ಟೋ ಮನೆಗಳಿಗೆ ಬರಬಹುದು. ಚೀಟಿ ಸಿಗುವುದು ಕಷ್ಟವಲ್ಲ. ಆದರೆ ಆ ಮಕ್ಕಳು ನಾಲ್ಕು ದಿನ ನಮ್ಮ ದವಾಖಾನೆಯ ಮೂಲೆಯಲ್ಲಿ ನಿಂತು ಹೋಗಲಿ. ನಿಲ್ಲುವ ಮೊದಲು ರೋಗಿಯನ್ನು ಒಂದು ಮಾತು ಕೇಳಲಿ.