ಜೋಲಾನ ಉಮೇದುವಾರಿಕೆ

ಗ್ರಂಥಕರ್ತನಾಗಬೇಕೆಂದು ಹೊರಟವನು ಮೊದಲು ಪುಸ್ತಕದಂಗಡಿಯಲ್ಲಿ ಕಟ್ಟು ಕಟ್ಟಬೇಕಾಗಿ ಬಂದರೆ ಅದು ಅವನಿಗೆ ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ, ಫ್ರೆಂಚ್ ಕಾದಂಬರಿಕಾರನಾದ ಎಮಿಲ್ ಜೋಲಾನ ತಾರುಣ್ಯದ ನಾಲ್ಕು ವರ್ಷಗಳು ವಿಚಿತ್ರವಾದ ಉತ್ತರವನ್ನು ಕೊಡುತ್ತವೆ.

ಜೋಲಾ ಹುಟ್ಟಿದುದು 1840ರಲ್ಲಿ, ಪ್ಯಾರಿಸ್ ನಗರದಲ್ಲಿ. ತಂದೆಯು ಇಟಲಿಯಿಂದ ಬಂದ ಇಂಜಿನಿಯರು. ಏಕ್ಸ್ ಪಟ್ಟಣಕ್ಕೆ ಕಾಲುವೆಯ ನೀರನ್ನು ತರಬೇಕೆಂದು ಹವಣಿಸಿ, ಕೆಲಸವು ಮೊದಲಾಗುತ್ತಲೇ 1847ರಲ್ಲಿ ತೀರಿಕೊಂಡನು. ವಿಧವೆಯಾದ ತಾಯಿಗೆ ಉಳಿದುದು ವ್ಯಾಜ್ಯಗಳೂ ಸಾಲಗಳೂ ಮಾತ್ರ. 1859ರಲ್ಲಿ ಮಗನು ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ತಪ್ಪಿದನು. ಅದರಲ್ಲಿಯೂ ಸಾಹಿತ್ಯದ ಮೌಖಿಕ ಪರೀಕ್ಷೆಯಲ್ಲಿಯೇ ಎಡವಿದನೆಂದು ಅವನ ಮಿತ್ರನಾದ ಪಾಲ್ ಅಲೆಕ್ಸಿ ಬರೆದಿದ್ದಾನೆ! ಮುಂದಿನ ವರ್ಷ ಸುಂಕದ ಕಟ್ಟೆಯಲ್ಲಿ ತಿಂಗಳಿಗೆ 60 ಫ್ರಾಂಕಿನ ಗುಮಾಸ್ತಗಿರಿ ದೊರೆಯಿತು. ಎರಡು ತಿಂಗಳಿಗೆ ಅದನ್ನೂ ಬಿಟ್ಟನು. ಆಮೇಲಿನದು ಬಡತನ, ಅಟ್ಟದ ಕೊಠಡಿ, ಪದ್ಯರಚನೆ.

ವೈದ್ಯ ಅಕಾಡೆಮಿಯ ಸದಸ್ಯರೊಬ್ಬರ ಶಿಫಾರಸಿನಿಂದ 1862ರ ಆರಂಭದಲ್ಲಿ ಹಾಶೆಟ್ಟನ ಪ್ರಕಟನಾಲಯದಲ್ಲಿ ಅವನಿಗೆ ಸ್ಥಳವಾಯಿತು. ಅದು ಸಾಮಾನ್ಯವಾದ ಅಂಗಡಿಯಲ್ಲ. 1826ರಲ್ಲಿ ಲೂಯಿ ಹಾಶೆಟ್ಟನು ಸ್ಥಾಪಿಸಿದ ಆ ಸಂಸ್ಥೆಯು, ಊರೂರಿಗೂ ಪ್ರಾಥಮಿಕ ಶಾಲೆಯಿರಬೇಕೆಂದು 1833ರಲ್ಲಿ ಶಾಸನವಾದ ಮೇಲೆ ಪಾಠಪುಸ್ತಕಗಳಿಂದ ಬೆಳೆದು, ಮುಂದೆ ರೈಲ್ವೆ ನಿಲ್ದಾಣಗಳಲ್ಲಿ ಪುಸ್ತಕದ ಮಳಿಗೆಗಳನ್ನು ತೆರೆದು ದೇಶವ್ಯಾಪಿಯಾಗಿತ್ತು. ಅಲ್ಲಿ ಜೋಲಾನ ಮೊದಲ ಕೆಲಸವು ಪುಸ್ತಕಗಳನ್ನು ಕಾಗದದಲ್ಲಿ ಸುತ್ತಿ ಕಟ್ಟುವುದು. ಸಂಬಳ 100 ಫ್ರಾಂಕು. ಹಗಲೆಲ್ಲ ಪರರ ಪುಸ್ತಕಗಳಿಗೆ ಹುರಿ ಬಿಗಿದು, ರಾತ್ರಿ ತನ್ನ ಪದ್ಯಗಳನ್ನು ಬರೆಯುವವನ ಮನಃಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬಹುದು.

ಒಂದು ದಿನ ಅವನು ತನ್ನ ಪದ್ಯಗಳ ಹಸ್ತಪ್ರತಿಯನ್ನು ಯಜಮಾನನ ಮೇಜಿನ ಮೇಲೆ ಇಟ್ಟು ಬಂದನಂತೆ. ಹಾಶೆಟ್ಟನು ಅದನ್ನು ಅಚ್ಚುಹಾಕಲಿಲ್ಲ. ಆದರೆ ಹುಡುಗನನ್ನು ಕರೆಸಿ, ಗದ್ಯವನ್ನು ಬರೆಯೆಂದು ಬುದ್ಧಿ ಹೇಳಿ, ಸಂಬಳವನ್ನು ಇಮ್ಮಡಿ ಮಾಡಿದನೆಂದು ಅಲೆಕ್ಸಿಯ ಹೇಳಿಕೆ. ಮಕ್ಕಳ ಪತ್ರಿಕೆಗೆಂದು ಅವನಿಂದ ಒಂದು ಕಥೆಯನ್ನು ಬರೆಯಿಸಿಕೊಂಡು, ಅದರಲ್ಲಿ ಬಂಡಾಯದ ವಾಸನೆಯನ್ನು ಕಂಡು ಹಿಂದಿರುಗಿಸಿದುದೂ ಉಂಟು. ಪದ್ಯವನ್ನು ಬಿಡಿಸಿದ ಒಂದು ಸಲಹೆಗಾಗಿ ಫ್ರೆಂಚ್ ಸಾಹಿತ್ಯವು ಈ ವ್ಯಾಪಾರಿಗೆ ಋಣಿಯೆಂದರೆ ಅತಿಶಯೋಕ್ತಿಯಾಗಲಾರದು.

ಬೇಗನೆ ಜೋಲಾ ಪ್ರಚಾರಶಾಖೆಯ ಮುಖ್ಯಸ್ಥನಾದನು. ಹೊಸ ಗ್ರಂಥಗಳ ಜಾಹೀರಾತುಗಳನ್ನು ಬರೆಯುವುದು, ವಿಮರ್ಶೆಗೆ ಪ್ರತಿಗಳನ್ನು ಕಳುಹಿಸುವುದು, ಪತ್ರಿಕಾಕರ್ತರೊಡನೆ ವ್ಯವಹರಿಸುವುದು ಅವನ ಪಾಲಿಗೆ ಬಂದವು. ತೇನ್, ಲಿತ್ರೆ ಮೊದಲಾದ ಪಂಡಿತರು ಆ ಮನೆಯ ಗ್ರಂಥಕರ್ತರು. ಮನುಷ್ಯನು ಕುಲ, ಪರಿಸರ, ಕಾಲಗಳ ಫಲವೆಂಬ ತೇನನ ವಾದವು ಅವನ ಮನಸ್ಸಿನಲ್ಲಿ ಬೇರೂರಿದುದು ಈ ಕಾಲದಲ್ಲಿಯೇ. ಆದರೆ ಅವನು ಅಲ್ಲಿ ಕಲಿತ ಇನ್ನೊಂದು ಪಾಠವು ಅಷ್ಟು ಸುಂದರವಾದುದಲ್ಲ: ಗ್ರಂಥವು ಒಳ್ಳೆಯದಾದ ಮಾತ್ರಕ್ಕೆ ಓದಲ್ಪಡುವುದಿಲ್ಲ, ಅದು ಬಂದಿದೆಯೆಂದು ಜನರಿಗೆ ತಿಳಿಯಬೇಕು. 1864ರಲ್ಲಿ ತನ್ನ ಮೊದಲ ಕಥಾಸಂಗ್ರಹವು ಬೇರೆ ಪ್ರಕಾಶಕರಿಂದ ಹೊರಬಿದ್ದಾಗ ಅವನು ಸಂಕೋಚಪಡದೆ ತಾನೇ ಪ್ರಶಂಸೆಯನ್ನು ಬರೆದು, ಪರಿಚಿತ ಪತ್ರಿಕೆಗಳಿಗೆ ಕಳುಹಿಸಿದನು. ಇದನ್ನು ಕಂಡು ಮೂಗು ಮುರಿಯುವವರು, ಅವನು ತಾಯಿಯನ್ನು ಸಾಕುತ್ತಿದ್ದನೆಂಬುದನ್ನೂ ಎಣಿಸಬೇಕು.

ಆ ವರ್ಷವೇ ಹಾಶೆಟ್ಟನು ತೀರಿಕೊಂಡಿದ್ದನು. 1865ರಲ್ಲಿ ಬಂದ ‘ಕ್ಲೋದನ ನಿವೇದನೆ’ ಎಂಬ ಕಾದಂಬರಿಯು ನೀತಿಬಾಹಿರವೆಂದು ಸರ್ಕಾರಿ ವಕೀಲರು ವಿಚಾರಣೆ ನಡೆಸಿದರು, ಮೊಕದ್ದಮೆ ಹೂಡಲಿಲ್ಲ. ಪಾಠಪುಸ್ತಕಗಳನ್ನು ಮಾರುವ ಮನೆಗೆ ಇಂತಹ ಗುಮಾಸ್ತನು ಶೋಭಿಸುವನೇ? 1866ರ ಜನವರಿಯ ಕೊನೆಗೆ ಅವನು ಕೆಲಸವನ್ನು ಬಿಟ್ಟನು. ಕೂಡಲೆ ‘ಲೆವೆನ್ಮಾ’ ಪತ್ರಿಕೆಯಲ್ಲಿ ಹೊಸದಾಗಿ ಬರುವ ಪುಸ್ತಕಗಳ ಅಂಕಣವನ್ನು ಹಿಡಿದನು. ಯಾವ ಮುದ್ರಣಾಲಯದಲ್ಲಿ ಏನು ಅಚ್ಚಾಗುತ್ತಿದೆಯೆಂಬುದು ಅವನಿಗೆ ಮೊದಲೇ ತಿಳಿಯುತ್ತಿತ್ತು. ನಾಲ್ಕು ವರ್ಷಗಳ ಪರಿಚಯವು ಈಗ ಬಂಡವಾಳವಾಯಿತು.

ಗ್ರಂಥಕರ್ತನ ಪರವಾಗಿ ಪ್ರಕಾಶಕನೊಡನೆ ಮಾತನಾಡಿ, ಬಂದ ಹಣದಲ್ಲಿ ನೂರಕ್ಕೆ ಹತ್ತನ್ನು ಪಡೆಯುವ ಮಧ್ಯವರ್ತಿಯ ವೃತ್ತಿಯನ್ನು ಎ. ಪಿ. ವಾಟ್ ಎಂಬವನು ಲಂಡನ್ನಿನಲ್ಲಿ ಆರಂಭಿಸಿದುದು ಸುಮಾರು 1875ರಲ್ಲಿ. ಅಂತಹ ನೆರವಿಲ್ಲದೆ ಜೋಲಾ ತಾನೇ ತನ್ನ ಮಧ್ಯವರ್ತಿಯಾದನು. ವರ್ಷಕ್ಕೆ ಎರಡು ಕಾದಂಬರಿಗಳನ್ನು ಕೊಟ್ಟು ತಿಂಗಳಿಗೆ 500 ಫ್ರಾಂಕು ಪಡೆಯುವಂತೆ ಲಾಕ್ರ್ವಾ ಎಂಬ ಪ್ರಕಾಶಕನೊಡನೆ ಒಪ್ಪಂದ ಮಾಡಿಕೊಂಡು, ಇಪ್ಪತ್ತು ಸಂಪುಟಗಳಾಗಿ ಬೆಳೆದ ರೂಗೋ-ಮಕಾರ್ ಮಾಲೆಗೆ ಕೈಹಾಕಿದನು. ಲಾಕ್ರ್ವಾ ದಿವಾಳಿಯಾದನು, ಬಳಿಕ ಬಂದ ಶಾರ್ಪಾಂತಿಯೆಯು, ಪುಸ್ತಕಗಳು ಮಾರಾಟವಾಗತೊಡಗಿದಾಗ, ಹಳೆಯ ಕರಾರನ್ನು ತಾನಾಗಿ ಬದಲಾಯಿಸಿ ಮಾರಾಟದ ಪಾಲನ್ನು ಕೊಟ್ಟನು. ಪ್ರಕಾಶಕರಲ್ಲಿ ಅಂತಹವರೂ ಇದ್ದಾರೆ.

1880ರಲ್ಲಿ ಜೋಲಾ ಸಾಹಿತ್ಯದಲ್ಲಿ ಹಣದ ಸ್ಥಾನವನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ದೊರೆಗಳ ಕೈನೋಡುತ್ತಿದ್ದ ಲೇಖಕನನ್ನು ಸ್ವತಂತ್ರನನ್ನಾಗಿ ಮಾಡಿದುದು ಹಣವೇ ಎಂದು ಅದರ ವಾದ. ಸರಸ್ವತಿಯನ್ನೂ ಲಕ್ಷ್ಮಿಯನ್ನೂ ಒಂದೇ ಮನೆಯಲ್ಲಿ ಕೂಡಿಸಲು ಹೊರಟ ಆ ಮಾತು ಹಲವರಿಗೆ ಕಹಿಯಾಯಿತು. ಆದರೆ 1891ರಲ್ಲಿ ಫ್ರಾನ್ಸಿನ ಗ್ರಂಥಕರ್ತರು ತಮ್ಮ ಹಕ್ಕುಗಳ ರಕ್ಷಣೆಗಾಗಿ ಇದ್ದ ಸಂಘಕ್ಕೆ ಅಧ್ಯಕ್ಷನನ್ನಾಗಿ ಆರಿಸಿದುದು, ಹಾಶೆಟ್ಟನ ಅಂಗಡಿಯಲ್ಲಿ ಪುಸ್ತಕದ ಕಟ್ಟುಗಳನ್ನು ಕಟ್ಟುತ್ತಿದ್ದ ಈ ಉಮೇದುವಾರನನ್ನೇ.