ಕ್ಯಾಮರಾ ಮತ್ತು ಕೈಯರಿವು: ಸ್ವತಂತ್ರ ವಿಡಿಯೋಕಾರರ ತಾಂತ್ರಿಕ ಪರಂಪರೆ

ಜನಪದ ತಂತ್ರಜ್ಞಾನವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ನೇಗಿಲು, ಕೂರಿಗೆ, ಗಾಣ, ಮಗ್ಗ, ಕುಲುಮೆಗಳವರೆಗೆ ಬಂದು ಅಲ್ಲಿಗೇ ನಿಲ್ಲುತ್ತವೆ. ವಿದ್ಯುತ್ತಿನಿಂದ ನಡೆಯುವ, ಕಾರ್ಖಾನೆಯಲ್ಲಿ ತಯಾರಾದ ಯಂತ್ರವು ಜನಪದರ ಕೈಗೆ ಬಂದ ಮೇಲೆ ಅದರ ಸುತ್ತ ಹುಟ್ಟುವ ಅರಿವನ್ನು ಜಾನಪದದ ವ್ಯಾಪ್ತಿಗೆ ಸೇರಿಸಲು ವಿದ್ವಾಂಸರು ಹಿಂಜರಿದಿದ್ದಾರೆ. ಆದರೆ ಬರೆಹದ ನೆರವಿಲ್ಲದೆ, ನೋಡಿ ಮಾಡಿ ಕಲಿಯುವ ಕ್ರಮದಲ್ಲಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ, ದಾಟುವಾಗ ಮಾರ್ಪಾಡು ಹೊಂದುವ ಅರಿವೇ ಜಾನಪದವೆಂಬ ಮಾತನ್ನು ಒಪ್ಪುವುದಾದರೆ, ಕಳೆದ ಐದು ದಶಕಗಳ ಸ್ವತಂತ್ರ ವಿಡಿಯೋಕಾರರ ಕೈಯರಿವು ಅದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇಂದು ಅಂತರಜಾಲದಲ್ಲಿ ತಮ್ಮದೇ ವಿಡಿಯೋಗಳನ್ನು ಪ್ರಕಟಿಸುವವರು ಬಳಸುವ ಎಷ್ಟೋ ಉಪಾಯಗಳು ಈ ಪರಂಪರೆಯಿಂದ ಬಂದವು.

ಈ ಚರಿತ್ರೆ 1967ರಲ್ಲಿ ಸೋನಿ ಕಂಪನಿಯು ಹೊರತಂದ 'ಪೋರ್ಟಾಪ್ಯಾಕ್'ನಿಂದ ಆರಂಭವಾಗುತ್ತದೆ. ಕೈಯಲ್ಲಿ ಕಪ್ಪು-ಬಿಳುಪು ಕ್ಯಾಮರಾ, ಹೆಗಲಿಗೆ ತೂಗುಹಾಕಿದ ಟೇಪು ಯಂತ್ರ. ಒಂದು ಸುರುಳಿಗೆ ಸುಮಾರು 20 ನಿಮಿಷಗಳ ದಾಖಲೆ. ಚಿತ್ರಿಸಿದ್ದನ್ನು ನೋಡಲು ಮತ್ತೊಂದು ಯಂತ್ರ ಬೇಕಾಗುತ್ತಿತ್ತು. ಇಷ್ಟೆಲ್ಲ ತೊಡಕಿದ್ದರೂ ಒಬ್ಬನೇ ವ್ಯಕ್ತಿ ಹೊತ್ತು ನಡೆಯಬಹುದಾಗಿದ್ದ ವಿಡಿಯೋ ಸಲಕರಣೆ ಅದಾಗಿತ್ತು. ಅಮೆರಿಕದ 'ವಿಡಿಯೋಫ್ರೀಕ್ಸ್' ಎಂಬ ತಂಡವು 1973ರಲ್ಲಿ 'ಸ್ಪಾಗೆಟಿ ಸಿಟಿ ವಿಡಿಯೋ ಮ್ಯಾನ್ಯುಯಲ್' ಎಂಬ ಪುಸ್ತಕವನ್ನು ಪ್ರಕಟಿಸಿತು. ಯಂತ್ರದ ಬಳಕೆ, ದುರಸ್ತಿ, ನಿರ್ವಹಣೆಗಳನ್ನು ಸಾಮಾನ್ಯರಿಗೆ ತಿಳಿಯುವಂತೆ ವಿವರಿಸಿದ ಕೃತಿಯಿದು. ಕಂಪನಿಯ ಕೈಪಿಡಿಯು ಯಂತ್ರವನ್ನು ತೆರೆಯಬಾರದು ಎನ್ನುತ್ತದೆ. ಇಂಥ ಪುಸ್ತಕವು ಹೇಗೆ ತೆರೆಯಬೇಕೆಂದು ಹೇಳುತ್ತದೆ. ಸ್ವತಂತ್ರ ವಿಡಿಯೋಕಾರರ ತಾಂತ್ರಿಕ ಸಾಹಿತ್ಯವು ಇಂದಿಗೂ ಈ ಎರಡನೆಯ ದಾರಿಯಲ್ಲೇ ಇದೆ.

ಭಾರತದ ಸಂದರ್ಭದಲ್ಲಿ ಎರಡು ಪ್ರಯೋಗಗಳನ್ನು ಗಮನಿಸಬೇಕು. ಮೊದಲನೆಯದು ಅಹಮದಾಬಾದಿನ 'ಸೇವಾ' ಸಂಘಟನೆಯದು. 1984ರಲ್ಲಿ ಅಮೆರಿಕದ ಮಾರ್ಥಾ ಸ್ಟುವರ್ಟ್ ಅವರು ಅಲ್ಲಿನ ದುಡಿಯುವ ಹೆಂಗಸರಿಗೆ ಕೆಲವೇ ವಾರಗಳ ವಿಡಿಯೋ ತರಬೇತಿ ನೀಡಿದರು. ಕಲಿತವರಲ್ಲಿ ತರಕಾರಿ ಮಾರುವವರಿದ್ದರು, ಓದುಬರೆಹ ಬಾರದವರೂ ಇದ್ದರು. ಅಕ್ಷರದ ಮೂಲಕವಲ್ಲದೆ ಕೈ ಮತ್ತು ಕಣ್ಣಿನ ಮೂಲಕ ಯಂತ್ರವನ್ನು ಕಲಿಯಬಹುದೆಂಬುದನ್ನು ಈ ಪ್ರಯೋಗ ತೋರಿಸಿತು. ಮಗ್ಗವನ್ನೋ ತಿಗರಿಯನ್ನೋ ಹಾಗೆಯೇ ಕಲಿಯುತ್ತ ಬಂದಿರುವ ನಾಡಿನಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ, ಅಚ್ಚರಿಪಟ್ಟವರು ಅಕ್ಷರಸ್ಥರು.

ಎರಡನೆಯದು ಬೀದರ್ ಜಿಲ್ಲೆಯ ಗಡಿಗೆ ಹೊಂದಿಕೊಂಡಿರುವ ಜಹೀರಾಬಾದ್ ಪ್ರದೇಶದ್ದು. ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದ ನಿರ್ಮಾಪಕರಾಗಿದ್ದು, ನಂತರ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಪಿ.ವಿ. ಸತೀಶ್ ಅವರು (ನಿಧನ 2023) ಅಲ್ಲಿನ ದಲಿತ ರೈತ ಮಹಿಳೆಯರ ಕೈಗೆ ಕ್ಯಾಮರಾ ಕೊಟ್ಟರು. 2001ರಲ್ಲಿ ಆ ಮಹಿಳೆಯರದೇ ಸಮುದಾಯ ಮಾಧ್ಯಮ ಟ್ರಸ್ಟ್ ರೂಪುಗೊಂಡಿತು. ವಾರಂಗಲ್ಲಿನ ಬಿ.ಟಿ. ಹತ್ತಿ ಬೆಳೆಗಾರರ ಸಂಕಷ್ಟವನ್ನು ಇವರು ಹಂಗಾಮಿನಿಂದ ಹಂಗಾಮಿಗೆ ಹಿಂಬಾಲಿಸಿ ಚಿತ್ರಿಸಿದ್ದು ದೇಶದ ಹೊರಗೂ ಚರ್ಚೆಗೆ ಒಳಗಾಯಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಆ ಚಿತ್ರಗಳಿಗಿಂತಲೂ ಮುಖ್ಯವಾದುದು ಈ ಮಹಿಳೆಯರು ಕ್ಯಾಮರಾ ಕೋನಗಳಿಗೆ ಕೊಟ್ಟುಕೊಂಡ ಹೆಸರುಗಳು. ಪಠ್ಯಪುಸ್ತಕದ 'ಹೈ ಆಂಗಲ್', 'ಲೋ ಆಂಗಲ್' ಎಂಬ ಮಾತುಗಳನ್ನು ಅವರು ಬಿಟ್ಟರು. ಮೇಲಿನಿಂದ ಹಾಗೂ ಕೆಳಗಿನಿಂದ ನೋಡುವ ಕೋನಗಳನ್ನು ಊರಿನ ಪಟೇಲ ಮತ್ತು ಅವನ ಆಳಿನ ಸಂಬಂಧದಿಂದ ಹೆಸರಿಸಿದರು. ಕಣ್ಣಿನ ಮಟ್ಟದಲ್ಲಿ, ಎದುರುಬದುರಾಗಿ ಕುಳಿತು ತೆಗೆಯುವ ಚಿತ್ರಿಕೆಯನ್ನು 'ಸಂಘಂ ಶಾಟ್' ಎಂದರು; ಮಹಿಳಾ ಸಂಘದ ಸಭೆಯಲ್ಲಿ ಎಲ್ಲರೂ ಒಂದೇ ನೆಲದ ಮೇಲೆ ಕೂರುತ್ತಾರೆ ಎಂಬುದು ಆ ಹೆಸರಿನ ಹಿಂದಿರುವ ಅನುಭವ. ಪಠ್ಯಪುಸ್ತಕವು ಕೋನವನ್ನು ಮಸೂರದ ಸ್ಥಾನದಿಂದ ಅಳೆಯುತ್ತದೆ. ಈ ಪರಿಭಾಷೆಯಾದರೋ ನೋಡುವವರಿಗೂ ನೋಡಿಸಿಕೊಳ್ಳುವವರಿಗೂ ನಡುವಿನ ಅಂತಸ್ತಿನಿಂದ ಅಳೆಯುತ್ತದೆ. ಚಲನಚಿತ್ರ ಶಾಲೆಗಳಲ್ಲಿ ಅನೇಕ ತರಗತಿಗಳ ವ್ಯಾಖ್ಯಾನವನ್ನು ಬೇಡುವ ವಿಷಯವೊಂದು ಇಲ್ಲಿ ಮೂರು ಹೆಸರುಗಳಲ್ಲಿ ಅಡಗಿದೆ. ಕನ್ನಡದಲ್ಲಿ ಇಂಥ ವೃತ್ತಿಪದಗಳ ಸಂಗ್ರಹ ನಡೆಯಬೇಕಾಗಿತ್ತು. ಕುಂಬಾರಿಕೆ, ಬಡಗಿತನಗಳ ವೃತ್ತಿಪದಕೋಶಗಳಿಗೆ ತೋರಿದ ಆಸ್ಥೆಯನ್ನು ಮದುವೆ ಮನೆಯ ವಿಡಿಯೋಗ್ರಾಫರನ ಮಾತಿಗೆ ಯಾರೂ ತೋರಲಿಲ್ಲ.

ಕರ್ನಾಟಕದಲ್ಲಿ ವಿಡಿಯೋ ಜಾನಪದಕ್ಕೆ ಬಂದುದು ಹೆಚ್ಚಾಗಿ ಸಂಸ್ಥೆಗಳ ಮೂಲಕ. ಕು.ಶಿ. ಹರಿದಾಸ ಭಟ್ಟರು ಉಡುಪಿಯಲ್ಲಿ ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕರಾವಳಿಯ ಕಲೆ, ಆರಾಧನೆಗಳ ದಾಖಲಾತಿಗೆ ವಿಡಿಯೋವನ್ನು ಬಳಸಿತು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೊಂಕೊ, ಅನೆಲಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೊಂದಿಗೆ ಮಾಚಾರು ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಮಹಾಕಾವ್ಯವನ್ನು ದಾಖಲಿಸಿಕೊಂಡರು. 15,683 ಸಾಲುಗಳ ಆ ಪಠ್ಯ 1998ರಲ್ಲಿ ಪ್ರಕಟವಾಯಿತು. ಇಂಥ ಕಾರ್ಯಗಳಲ್ಲಿ ಕ್ಯಾಮರಾ ವಿದ್ವಾಂಸರ ಪರಿಕರವಾಗಿತ್ತು. ಕಲಾವಿದನ ಮನೆಯವರೇ, ಮೇಳದ ಅಭಿಮಾನಿಯೇ ಕ್ಯಾಮರಾ ಹಿಡಿಯುವ ಕಾಲ ಬರಲು ಇನ್ನೂ ಕೆಲವು ವರ್ಷಗಳು ಬೇಕಾದವು.

ಆ ಬದಲಾವಣೆಗೆ ಮೊದಲ ಕಾರಣ ಡಿಜಿಟಲ್ ಟೇಪು. 1995ರಲ್ಲಿ ಬಂದ ಸೋನಿ ವಿಎಕ್ಸ್ 1000 ಕ್ಯಾಮರಾದಿಂದ ಒಂದು ತಂತಿಯ ಮೂಲಕ ಚಿತ್ರವನ್ನು ಕಂಪ್ಯೂಟರಿಗೆ ಗುಣಮಟ್ಟ ಕೆಡದಂತೆ ಇಳಿಸಿಕೊಳ್ಳಬಹುದಾಯಿತು. ಸಂಕಲನವು ಸ್ಟುಡಿಯೋದಿಂದ ಮನೆಯ ಮೇಜಿಗೆ ಬಂದಿತು. 2005ರಲ್ಲಿ ಯೂಟ್ಯೂಬ್ ಆರಂಭವಾದಾಗ ಪ್ರಸಾರದ ಬಾಗಿಲೂ ತೆರೆಯಿತು. ಉಳಿದದ್ದು ಚಿತ್ರದ ಅಂದ. ಅಗ್ಗದ ಕ್ಯಾಮರಾಗಳ ಸಂವೇದಕವು ಉಗುರಿನಷ್ಟು ಚಿಕ್ಕದಾಗಿದ್ದುದರಿಂದ ಹತ್ತಿರದ ಮುಖವೂ ದೂರದ ಗೋಡೆಯೂ ಒಂದೇ ಸ್ಪಷ್ಟತೆಯಲ್ಲಿ ಕಾಣುತ್ತಿದ್ದವು. ಸಿನಿಮಾದ ಹಾಗೆ ಹಿನ್ನೆಲೆ ಮಸುಕಾಗಬೇಕೆಂದು ಬಯಸಿದವರು ಒಂದು ವಿಚಿತ್ರ ಉಪಾಯವನ್ನು ಕಂಡುಕೊಂಡರು. ಸ್ಥಿರಚಿತ್ರ ಕ್ಯಾಮರಾದ ಹಳೆಯ ಮಸೂರದಿಂದ ಬಿಂಬವನ್ನು ಒಂದು ಮಬ್ಬುಗಾಜಿನ ಮೇಲೆ ಬೀಳಿಸಿ, ಆ ಗಾಜನ್ನು ವಿಡಿಯೋ ಕ್ಯಾಮರಾದಿಂದ ಚಿತ್ರಿಸುವುದು. ಗಾಜಿನ ತರಿ ಕಾಣಬಾರದೆಂದು ಅದನ್ನು ಸಣ್ಣ ಮೋಟಾರಿನಿಂದ ತಿರುಗಿಸುವುದು ಅಥವಾ ಅದುರಿಸುವುದು. ಬಿಂಬ ತಲೆಕೆಳಗಾಗಿ ಕಾಣುತ್ತಿತ್ತು, ಬೆಳಕು ಬಹಳಷ್ಟು ನಷ್ಟವಾಗುತ್ತಿತ್ತು. ಮನೆಯಲ್ಲೇ ಮಾಡಿಕೊಂಡ ಈ ಜೋಡಣೆಯನ್ನು ನೋಡಿ ಕಂಪನಿಗಳು ಅದನ್ನೇ ಮಾರಾಟಕ್ಕಿಟ್ಟವು.

2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಎಂಬ ಸ್ಥಿರಚಿತ್ರ ಕ್ಯಾಮರಾಗಳಿಗೆ ವಿಡಿಯೋ ಸೌಲಭ್ಯ ಬಂದಾಗ ಮಬ್ಬುಗಾಜಿನ ಅಗತ್ಯ ಇಲ್ಲವಾಯಿತು. ಆದರೆ 5ಡಿ ಮಾರ್ಕ್ 2 ವಿಡಿಯೋಕಾರರಿಗಾಗಿ ಮಾಡಿದ ಯಂತ್ರವಾಗಿರಲಿಲ್ಲ. ಬೆಳಕಿನ ನಿಯಂತ್ರಣವನ್ನು ಅದು ತಾನೇ ಮಾಡಿಕೊಳ್ಳುತ್ತಿತ್ತು. ಬಳಕೆದಾರರು ಮಸೂರವನ್ನು ಸ್ವಲ್ಪ ತಿರುಗಿಸಿ ವಿದ್ಯುತ್ ಸಂಪರ್ಕ ತಪ್ಪಿಸಿ ರಂಧ್ರವನ್ನು ಸ್ಥಿರಗೊಳಿಸಿದರು. ಕೆಲವರು ಕೈಯಿಂದ ತಿರುಗಿಸುವ ಉಂಗುರವಿರುವ ನಿಕಾನ್ ಮಸೂರಗಳನ್ನು ಅಡಾಪ್ಟರ್ ಮೂಲಕ ಕ್ಯಾನನ್ನಿಗೆ ಕೂರಿಸಿದರು. 2009ರ ಜೂನ್‌ನಲ್ಲಿ ಕಂಪನಿ ನಿಯಂತ್ರಣವನ್ನು ಬಳಕೆದಾರರಿಗೆ ಬಿಟ್ಟುಕೊಟ್ಟಿತು. ಅದೇ ವರ್ಷ ಟ್ರ್ಯಾಮೆಲ್ ಹಡ್ಸನ್ ಆರಂಭಿಸಿದ 'ಮ್ಯಾಜಿಕ್ ಲ್ಯಾಂಟರ್ನ್' ಎಂಬ ಮುಕ್ತ ತಂತ್ರಾಂಶವು ಧ್ವನಿಯ ಮಟ್ಟ ತೋರಿಸುವ ಪಟ್ಟಿಯೇ ಮೊದಲಾಗಿ ಕಂಪನಿ ಕೊಡದಿದ್ದ ಅನುಕೂಲಗಳನ್ನು ಒದಗಿಸಿತು. 25 ಚೌಕಟ್ಟುಗಳ ವೇಗ ಬಂದುದು 2010ರ ಮಾರ್ಚ್‌ನಲ್ಲಿ.

ಈ ಕೊನೆಯ ಅಂಶವು ಕರ್ನಾಟಕದಲ್ಲಿ ಚಿತ್ರಿಸುವವರಿಗೆ ಬಹಳ ಮುಖ್ಯವಾಗಿತ್ತು. ಇಲ್ಲಿನ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು; ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಅಮೆರಿಕಕ್ಕೆ ಹೊಂದುವ 1/60 ಸೆಕೆಂಡಿನ ಷಟರ್ ಇಟ್ಟರೆ ಚಿತ್ರದಲ್ಲಿ ಬೆಳಕಿನ ಪಟ್ಟೆಗಳು ಹರಿದಾಡುತ್ತವೆ. 1/50 ಅಥವಾ 1/100 ಇಡಬೇಕೆಂಬುದು ಬಯಲಾಟದ ರಂಗಸ್ಥಳದಲ್ಲಿ ಚಿತ್ರಿಸುವ ಪ್ರತಿಯೊಬ್ಬನಿಗೂ ಗೊತ್ತಿರಬೇಕಾದ ಪಾಠ. ಕಾರಣ ಗೊತ್ತಿಲ್ಲದೆಯೂ ಇದನ್ನು ಪಾಲಿಸುವವರಿದ್ದಾರೆ; ಪರಂಪರಾಗತ ಅರಿವಿನ ಲಕ್ಷಣವೇ ಅದು.

ಯಂತ್ರದ ಕಾಲಮಾನಕ್ಕೂ ಕಲೆಯ ಕಾಲಮಾನಕ್ಕೂ ಇರುವ ವಿರೋಧ ಯಕ್ಷಗಾನದಲ್ಲಿ ಎದ್ದು ಕಾಣುತ್ತದೆ. 5ಡಿ ಮಾರ್ಕ್ 2ರಲ್ಲಿ ಒಂದು ಕಡತ 4 ಗಿಗಾಬೈಟ್ ಮುಟ್ಟಿದೊಡನೆ, ಅಂದರೆ ಸುಮಾರು 12 ನಿಮಿಷಕ್ಕೆ, ಚಿತ್ರೀಕರಣ ನಿಲ್ಲುತ್ತಿತ್ತು. ನಂತರದ ಅನೇಕ ಕ್ಯಾಮರಾಗಳಲ್ಲಿ 29 ನಿಮಿಷ 59 ಸೆಕೆಂಡುಗಳ ಮಿತಿಯಿತ್ತು. ಇದರ ಹಿಂದೆ ತಾಂತ್ರಿಕ ಕಾರಣಕ್ಕಿಂತ ಹೆಚ್ಚಾಗಿ ಸುಂಕದ ಲೆಕ್ಕವಿತ್ತು: 30 ನಿಮಿಷ ಅಥವಾ ಹೆಚ್ಚು ಕಾಲ ಚಿತ್ರಿಸಬಲ್ಲದ್ದನ್ನು ಐರೋಪ್ಯ ಒಕ್ಕೂಟವು ವಿಡಿಯೋ ಕ್ಯಾಮರಾ ಎಂದು ಪರಿಗಣಿಸಿ ಹೆಚ್ಚು ಸುಂಕ ಹಾಕುತ್ತಿತ್ತು. ಯುರೋಪಿನ ಬಂದರಿನ ಕಟ್ಟಳೆಯೊಂದು ಕರಾವಳಿಯ ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ತುಂಡರಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ. ಎರಡು ಕ್ಯಾಮರಾಗಳನ್ನು ಮುಂದುಹಿಂದಾಗಿ ಆರಂಭಿಸಿ, ಒಂದು ನಿಂತಾಗ ಇನ್ನೊಂದು ನಡೆಯುವಂತೆ ನೋಡಿಕೊಳ್ಳುವುದು ಇದಕ್ಕಿದ್ದ ಪರಿಹಾರ.

ಧ್ವನಿಯ ತೊಡಕು ಇನ್ನೂ ದೊಡ್ಡದು. ಕ್ಯಾಮರಾದ ಸ್ವಯಂಚಾಲಿತ ಧ್ವನಿ ನಿಯಂತ್ರಣವು ಗಟ್ಟಿ ಶಬ್ದ ಬಂದೊಡನೆ ಒಟ್ಟು ಮಟ್ಟವನ್ನು ಇಳಿಸಿ, ಬಳಿಕ ನಿಧಾನವಾಗಿ ಏರಿಸುತ್ತದೆ. ಇಬ್ಬರು ಮಾತಾಡುವ ಕೋಣೆಗೆ ಇದು ಸರಿ. ಚೆಂಡೆಯ ಪ್ರತಿ ಪೆಟ್ಟಿಗೂ ಭಾಗವತರ ಸ್ವರ ಮುಳುಗಿ ಮತ್ತೆ ತೇಲುತ್ತದೆ. ಆಲಾಪದ ನಡುವಿನ ಮೌನದಲ್ಲಿ ಜನರೇಟರಿನ ಸದ್ದು ಮೇಲೇಳುತ್ತದೆ. ಆದ್ದರಿಂದ ಧ್ವನಿವರ್ಧಕದವರ ಮಿಕ್ಸರಿನಿಂದ ನೇರವಾಗಿ ಒಂದು ತಂತಿ ತೆಗೆದುಕೊಂಡು ಬೇರೆ ರೆಕಾರ್ಡರಿನಲ್ಲಿ ದಾಖಲಿಸಿ, ಆಮೇಲೆ ಚಿತ್ರಕ್ಕೆ ಹೊಂದಿಸುವ ಕ್ರಮ ಬಳಕೆಗೆ ಬಂತು. ಹೊಂದಿಸಲು ಗುರುತು ಬೇಕು. ಸಿನಿಮಾದವರ ಕ್ಲ್ಯಾಪ್ ಹಲಗೆಯ ಕೆಲಸವನ್ನು ಇಲ್ಲಿ ಚಪ್ಪಾಳೆಯಾಗಲಿ ಚೆಂಡೆಯ ಮೊದಲ ಪೆಟ್ಟಾಗಲಿ ಮಾಡುತ್ತದೆ. ದೀರ್ಘ ದಾಖಲೆಯಲ್ಲಿ ಎರಡು ಯಂತ್ರಗಳ ಗಡಿಯಾರಗಳು ಕ್ರಮೇಣ ಬೇರೆಯಾಗುವುದರಿಂದ ನಡುನಡುವೆಯೂ ಗುರುತು ಇಟ್ಟುಕೊಳ್ಳಬೇಕು.

ಕ್ಯಾಮರಾ ಅಲುಗದಂತೆ ಹಿಡಿಯುವ ಉಪಾಯಗಳದ್ದೇ ಒಂದು ಶಾಖೆ. ಗ್ಯಾರೆಟ್ ಬ್ರೌನ್ ರೂಪಿಸಿದ 'ಸ್ಟೆಡಿಕ್ಯಾಮ್' 1976ರಲ್ಲಿ ಹಾಲಿವುಡ್ ಚಿತ್ರಗಳಲ್ಲಿ ಕಾಣಿಸಿಕೊಂಡಿತು. ಬೆಲೆ ಸಾಮಾನ್ಯರಿಗೆ ಎಟುಕುವಂಥದಲ್ಲ. ಜಾನಿ ಚಂಗ್ ಲೀ ಪ್ರಚುರಪಡಿಸಿದ, ನಲ್ಲಿಯ ಪೈಪು ಮತ್ತು ವ್ಯಾಯಾಮದ ತೂಕದಬಿಲ್ಲೆಯ ಸಾಧನಕ್ಕೆ 14 ಡಾಲರ್ ಸಾಕಾಗಿತ್ತು. ಕ್ಯಾಮರಾದ ಕೆಳಗೆ ಭಾರ ತೂಗಿಬಿಟ್ಟು ಗುರುತ್ವಕೇಂದ್ರವನ್ನು ಕೈಹಿಡಿಯ ಹತ್ತಿರಕ್ಕೆ ತರುವುದೇ ಇದರ ಮರ್ಮ. ಇದಕ್ಕಿಂತಲೂ ಸರಳವಾದುದು ಕ್ಯಾಮರಾದ ತಳದ ತೂತಿಗೆ ಕಾಲಿಂಚಿನ ತಿರುಪುಮೊಳೆ ಹಾಕಿ, ಅದಕ್ಕೆ ಹುರಿ ಕಟ್ಟಿ, ಹುರಿಯ ತುದಿಯನ್ನು ಪಾದದಿಂದ ಒತ್ತಿ ಹಿಡಿದು ಬಿಗಿಯಾಗಿ ಎಳೆಯುವುದು. ಎಲ್ಲ ಕಂಪನಿಗಳ ಕ್ಯಾಮರಾಗಳಿಗೂ ತಳದಲ್ಲಿ ಇದೇ ಅಳತೆಯ ತೂತು ಸಾಮಾನ್ಯವಾಗಿರುವುದರಿಂದ ಇಂಥ ಕೈಗೆಲಸ ಎಲ್ಲೆಡೆ ಸಾಧ್ಯವಾಯಿತು. 2013ರ ನಂತರ ಮೋಟಾರು ಚಾಲಿತ ಗಿಂಬಲ್‌ಗಳು ಬಂದು ಪೈಪು-ಬಿಲ್ಲೆಗಳ ಕಾಲ ಮುಗಿಯಿತು.

2016ರ ಬಳಿಕ ಅಗ್ಗವಾದ ಮೊಬೈಲ್ ದತ್ತಾಂಶವು ಇವೆಲ್ಲವನ್ನೂ ಹಳ್ಳಿಗಳಿಗೆ ಮುಟ್ಟಿಸಿತು. 2020ರ ಕೋವಿಡ್ ನಿರ್ಬಂಧದ ಕಾಲದಲ್ಲಿ ಮೇಳಗಳ ತಿರುಗಾಟ ನಿಂತಾಗ ಯಕ್ಷಗಾನ, ತಾಳಮದ್ದಳೆಗಳು ಅಂತರಜಾಲದಲ್ಲಿ ನೇರಪ್ರಸಾರಗೊಂಡವು. ಕಲಾವಿದರ ಒಪ್ಪಿಗೆ ಮತ್ತು ಸಂಭಾವನೆಯ ಪ್ರಶ್ನೆಗಳು ಅಲ್ಲಿಂದ ಮುಂದೆ ತೀವ್ರವಾದವು. ಅದು ಪ್ರತ್ಯೇಕ ಅಧ್ಯಯನದ ವಿಷಯ.

ಹೊಸ ದಾಖಲೆಗಳು ಹೀಗೆ ಹೆಚ್ಚುತ್ತಿರುವಾಗ ಹಳೆಯವು ನಶಿಸುತ್ತಿವೆ. 1980 ಮತ್ತು 90ರ ದಶಕಗಳ ಟೇಪುಗಳಿಗೆ ಕರಾವಳಿಯ, ಮಲೆನಾಡಿನ ತೇವದಲ್ಲಿ ಬೂಷ್ಟು ಹಿಡಿಯುತ್ತದೆ. ಮಸೂರಗಳಿಗೂ ಅದೇ ಪಾಡು. ಅವನ್ನು ಸಣ್ಣ ಬಲ್ಬು ಉರಿಯುವ ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಕಾಪಾಡುವ ರೂಢಿ ಛಾಯಾಗ್ರಾಹಕರಲ್ಲಿದೆ. ಟೇಪು ಉಳಿದರೂ ಅದನ್ನು ನುಡಿಸುವ ಯಂತ್ರ ಉಳಿದಿಲ್ಲ. ವಿ.ಎಚ್.ಎಸ್. ಯಂತ್ರಗಳನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಕೆಟ್ಟ ಯಂತ್ರವನ್ನು ಬಿಚ್ಚಿ, ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಎರಡು ಯಂತ್ರಗಳ ಬಿಡಿಭಾಗಗಳಿಂದ ಒಂದನ್ನು ನಡೆಸಬಲ್ಲ ರಿಪೇರಿಯವರು ಪೇಟೆಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಅವರ ವಯಸ್ಸು ಅರವತ್ತರ ಆಚೀಚೆ.